ಮುಸುಕು, ಬೇಲಿ, ಕಾವಲು: ಮೆಟ್ಟೂರು ಸೀಮೆಯಿಂದ ಸ್ಮಾರಕಗಳ ಓದು

ಸ್ಮಾರಕ ಎಂದೊಡನೆ ಕಲ್ಲು, ಕಂಚು, ಗೋಪುರ, ಶಾಸನ ಇವು ನೆನಪಿಗೆ ಬರುತ್ತವೆ. ಅದನ್ನು ಯಾರು ನಿಲ್ಲಿಸಿದರು, ಯಾವ ಕಾಲದ್ದು, ಶೈಲಿ ಯಾವುದು ಎಂಬ ಪ್ರಶ್ನೆಗಳನ್ನು ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಶಾಸನ ಮತ್ತು ಸಂಸ್ಕೃತಿ ಪತ್ರಿಕೆಗಳಲ್ಲಿ ಕೇಳಿಕೊಳ್ಳುತ್ತಾರೆ. ಆದರೆ ಇಂದಿನ ಸಾರ್ವಜನಿಕ ಸ್ಮಾರಕದ ಬಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಹಲವೊಮ್ಮೆ ಸ್ಮಾರಕವಲ್ಲ. ಕಬ್ಬಿಣದ ಬೇಲಿ, ಪೊಲೀಸ್ ಚೌಕಿ, ಛಾಯಾಚಿತ್ರ ತೆಗೆಯಬಾರದೆಂಬ ಫಲಕ, ತಪಾಸಣೆಯ ಬಾಗಿಲು ಇವು ಮೊದಲು ಎದುರಾಗುತ್ತವೆ. ಇವೂ ಆ ಸ್ಮಾರಕದ ಪಠ್ಯದ ಭಾಗವೇ. ಈ ಪಠ್ಯವನ್ನು ಓದುವುದು ಹೇಗೆ ಎಂಬುದು ಪ್ರಸ್ತುತ ಲೇಖನದ ವಿಷಯ. ಓದಿಗೆ ಆರಿಸಿಕೊಂಡ ನೆಲೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ನಡುವೆ ಕಾವೇರಿಯನ್ನು ತಡೆದು ನಿಲ್ಲಿಸಿರುವ ಮೆಟ್ಟೂರು. ಕನ್ನಡ ತಮಿಳುಗಳೆರಡೂ ಆಡುಮಾತಾಗಿರುವ ಈ ಗಡಿ ಸೀಮೆಯಲ್ಲಿ ಭಯ, ಭದ್ರತೆ, ಸ್ಮಾರಕ ಈ ಮೂರರ ಸಂಬಂಧ ಸ್ಪಷ್ಟವಾಗಿ ಕಾಣುತ್ತದೆ.

೧. ಪದಗಳ ವಿಚಾರ

ಮೊದಲು ಪದಗಳನ್ನು ಗಮನಿಸಬೇಕು. ‘ಕಾವಲು’ ದ್ರಾವಿಡ ಮೂಲದ ಪದ. ಕನ್ನಡದ ‘ಕಾಯ್’ ಧಾತುವಿಗೆ ರಕ್ಷಿಸು ಎಂಬ ಅರ್ಥವೂ ಎದುರುನೋಡು ಎಂಬ ಅರ್ಥವೂ ಉಂಟು. ತಮಿಳಿನಲ್ಲಿಯೂ ಹೀಗೆಯೇ, ಅಲ್ಲಿ ಪೊಲೀಸ್ ಇಲಾಖೆಯ ಹೆಸರೇ ‘ಕಾವಲ್ ತುರೈ’. ಭಯವನ್ನು ಹೇಳುವ ‘ಅಂಜು’ ಎಂಬ ಕ್ರಿಯಾಪದವೂ ಎರಡು ಭಾಷೆಗಳಿಗೆ ಸಮಾನ. ‘ಭದ್ರ’ ಸಂಸ್ಕೃತದಿಂದ ಬಂದದ್ದು. ಮಂಗಳಕರ ಎಂಬುದು ಅದರ ಮೊದಲ ಅರ್ಥ. ಗಟ್ಟಿಯಾದುದು, ಅಲುಗದುದು ಎಂಬ ಅರ್ಥ ಕನ್ನಡದಲ್ಲಿ ಬೆಳೆದಿದೆ. ‘ಬಂದೋಬಸ್ತು’ ಪಾರಸಿಯ ಪದ. ಕಟ್ಟುವುದು, ಬಿಗಿಯುವುದು ಎಂಬುದು ಅದರ ಮೂಲಾರ್ಥ. ಆಡಳಿತದ ಮಾತಾಗಿ ಅದು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ನೆಲೆಯೂರಿತು.

ಈ ನಾಲ್ಕು ಪದಗಳು ಒಂದೇ ಕೆಲಸದ ನಾಲ್ಕು ಮುಖಗಳನ್ನು ತೋರಿಸುತ್ತವೆ. ಕಾಯುವವನಿಗೆ ಕಾಯಿಸಿಕೊಳ್ಳುವ ವಸ್ತುವಿನ ಮೇಲೆ ಅಕ್ಕರೆಯುಂಟು. ಬಂದೋಬಸ್ತಿನಲ್ಲಿ ಅಕ್ಕರೆಯ ಮಾತಿಲ್ಲ. ಎದುರಿಗೆ ಬರುವವನ ಮೇಲಿನ ಅನುಮಾನವೇ ಅಲ್ಲಿ ಮುಖ್ಯ. ಇದಕ್ಕೆ ‘ಸುರಕ್ಷತೆ’ ಎಂಬ ಐದನೆಯ ಪದವನ್ನೂ ಸೇರಿಸಿಕೊಳ್ಳಬೇಕು. ಕಟ್ಟಡ ಬಿರುಕು ಬಿಡದಿರುವುದು, ನೀರಿನಲ್ಲಿ ಯಾರೂ ಕೊಚ್ಚಿಹೋಗದಿರುವುದು ಸುರಕ್ಷತೆ. ಮನುಷ್ಯರಲ್ಲಿ ಕೆಲವರನ್ನು ಅಪಾಯವೆಂದು ಗುರುತಿಸಿ ತಡೆಯುವುದು ಭದ್ರತೆ. ಎರಡೂ ಅಗತ್ಯವಾಗಬಹುದು. ಆದರೆ ಒಂದರ ಹೆಸರಿನಲ್ಲಿ ಇನ್ನೊಂದು ನಡೆಯುವಾಗ ರಾಜಕೀಯ ಆರಂಭವಾಗುತ್ತದೆ.

೨. ಶಾಪದ ಕಾವಲು

ಹಿಂದಿನ ಕಾಲದ ಸ್ಮಾರಕಕ್ಕೆ ಕಾವಲಿರಲಿಲ್ಲವೆಂದು ತಿಳಿಯುವುದು ತಪ್ಪು. ಕನ್ನಡ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ವಿದ್ಯಾರ್ಥಿಗಳು ಬಲ್ಲರು. ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂದೂ ಕಾಪಾಡಿದವನಿಗೆ ಪುಣ್ಯ ದೊರೆಯುವುದೆಂದೂ ಅದು ಸಾರುತ್ತದೆ. ಶಿಲಾಹಾರರ ಕಾಲದ ಕೊಂಕಣದಲ್ಲಿ, ಅನಂತರ ಮರಾಠಿ ನಾಡಿನ ಇತರ ಕಡೆಗಳಲ್ಲಿ ದೊರೆಯುವ ‘ಗದ್ಧೇಗಾಳ’ ಕಲ್ಲುಗಳು ಇದೇ ಮಾತನ್ನು ಕತ್ತೆಯ ಚಿತ್ರವನ್ನು ಕೆತ್ತಿ, ಓದು ಬಾರದವನಿಗೂ ತಿಳಿಯುವಂತೆ, ಒರಟಾಗಿ ಹೇಳುತ್ತವೆ. ಅಲ್ಲಿ ಕಲ್ಲನ್ನು ಕಾಯುತ್ತಿದ್ದುದು ಭಯವೇ.

ಧರ್ಮಪುರಿ ಸೀಮೆ ಈ ಪರಂಪರೆಗೆ ಹೊರತಲ್ಲ. ಹಿಂದೆ ತಗಡೂರು ಎನಿಸಿದ್ದ ಈ ಊರಿನಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಕನ್ನಡದಲ್ಲಿ ವೀರಗಲ್ಲು, ತಮಿಳಿನಲ್ಲಿ ನಡುಕಲ್ ಎನ್ನಿಸಿಕೊಳ್ಳುವ ಸ್ಮಾರಕಶಿಲೆಗಳು ಈ ಪ್ರದೇಶದಲ್ಲಿ ವಿಪುಲವಾಗಿವೆ. ತುರು ಕಾಯುವಾಗ, ಊರು ಕಾಯುವಾಗ ಸತ್ತವನ ನೆನಪಿಗೆ ನೆಟ್ಟ ಕಲ್ಲು ಅದು. ಸತ್ತವನು ಕಾವಲುಗಾರ, ಅವನ ಕಲ್ಲಿಗೆ ಊರೇ ಕಾವಲು. ಮೆಟ್ಟೂರು ಅಣೆಕಟ್ಟಿನ ಬುಡದಲ್ಲಿರುವ ಮುನಿಯಪ್ಪನ್ ಗುಡಿಯೂ ಇದೇ ಮನೋಧರ್ಮದ್ದು. ತಮಿಳು ಜನಪದರಲ್ಲಿ ಮುನಿಯಪ್ಪನ್ ಕಾವಲ ದೈವ. ಅವನಿಗೆ ಅಂಜುವವರೇ ಅವನ ಆಶ್ರಯದಲ್ಲಿರುವವರು ಕೂಡ.

ಶಾಪದ ಭಯಕ್ಕೂ ಇಂದಿನ ಬೇಲಿಯ ಭಯಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಶಾಪಾಶಯ ಯಾರನ್ನೂ ಮುಂಚಿತವಾಗಿ ಅನುಮಾನಿಸುವುದಿಲ್ಲ. ಅರಸನಾಗಲಿ ಆಳಾಗಲಿ, ತಪ್ಪಿ ನಡೆದವನಿಗೆ ಅದು ತಟ್ಟುತ್ತದೆ. ಬಂದು ನೋಡುವವನನ್ನು, ಓದುವವನನ್ನು ತಡೆಯುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮೆಟ್ಟೂರಿನ ಅಣೆಕಟ್ಟಿಗೆ ಬರಬಹುದು.

೩. ಅಣೆಕಟ್ಟು ಎಂಬ ಸ್ಮಾರಕ

1924ರ ಫೆಬ್ರವರಿ 18ರಂದು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಕಾವೇರಿ ಒಪ್ಪಂದವಾಯಿತು. 1925ರಲ್ಲಿ ಆರಂಭವಾದ ಮೆಟ್ಟೂರು ಅಣೆಕಟ್ಟಿನ ಕಾಮಗಾರಿ 1934ರಲ್ಲಿ ಮುಗಿಯಿತು. ಜಲಾಶಯಕ್ಕೆ ಆಗಿನ ಮದರಾಸು ಗವರ್ನರ್ ಜಾರ್ಜ್ ಸ್ಟ್ಯಾನ್ಲಿಯವರ ಹೆಸರಿಡಲಾಯಿತು. ಪೂರ್ಣ ಮಟ್ಟ 120 ಅಡಿ. ಸಂಗ್ರಹ ಸಾಮರ್ಥ್ಯ 93.47 ಟಿಎಂಸಿ. ವಾಡಿಕೆಯಂತೆ ಜೂನ್ 12ರಂದು ಇಲ್ಲಿಂದ ನೀರು ಬಿಟ್ಟರೆ ಕೆಳಗಿನ ಮುಖಜಭೂಮಿಯಲ್ಲಿ ಕುರುವೈ ಬೆಳೆಯ ಕೆಲಸ ಆರಂಭವಾಗುತ್ತದೆ.

ಆಡಳಿತಗಾರನೊಬ್ಬನ ಹೆಸರನ್ನು ಹೊತ್ತ ಈ ಕಟ್ಟಡ ಸ್ಮಾರಕವೂ ಹೌದು, ದಿನನಿತ್ಯದ ಯಂತ್ರವೂ ಹೌದು. ಆದ್ದರಿಂದ ಇಲ್ಲಿ ಸುರಕ್ಷತೆಯ ಪ್ರಶ್ನೆ ನಿಜವಾದದ್ದು. ಆಡಿ ತಿಂಗಳ ಹದಿನೆಂಟನೆಯ ದಿನ, ಆಡಿಪೆರುಕ್ಕು ಹಬ್ಬಕ್ಕೆ, ಸಾವಿರಾರು ಜನ ಇಲ್ಲಿ ಕಾವೇರಿ ಸ್ನಾನಕ್ಕೆ ಸೇರುತ್ತಾರೆ. ಹೊರಹರಿವು ಹೆಚ್ಚಿರುವಾಗ ನದಿಗಿಳಿಯದಂತೆ ಅವರನ್ನು ತಡೆಯುವುದು ಜೀವ ಉಳಿಸುವ ಕೆಲಸ. ಗೇಟು, ಗೋಡೆ, ಅಡಿಪಾಯಗಳ ಪರೀಕ್ಷೆಯನ್ನು ಕ್ರಮಬದ್ಧಗೊಳಿಸಲು 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆಯೇ ಬಂದಿದೆ. ಇಂಥ ಕಾವಲನ್ನು ಭಯದ ರಾಜಕೀಯವೆಂದು ಕರೆಯುವುದು ಅವಿವೇಕ.

ಆದರೆ ಅಣೆಕಟ್ಟಿನ ಸುತ್ತ ಇನ್ನೊಂದು ಬಗೆಯ ಕಾವಲೂ ಬೆಳೆದಿದೆ. ಅದು ನೀರಿನ ಮಟ್ಟಕ್ಕಿಂತ ವಿವಾದದ ಮಟ್ಟವನ್ನು ಅನುಸರಿಸಿ ಏರಿಳಿಯುತ್ತದೆ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಅನಂತರ ಕಾವೇರಿ ವಿವಾದ ಉಲ್ಬಣಿಸಿದಾಗ ಮೇಲಣ ಕೃಷ್ಣರಾಜಸಾಗರದಲ್ಲಿ ನಿಷೇಧಾಜ್ಞೆ ಜಾರಿಯಾಯಿತು; ಬೃಂದಾವನಕ್ಕೆ ಪ್ರವಾಸಿಗರ ಪ್ರವೇಶ ನಿಂತಿತು; ಎರಡು ರಾಜ್ಯಗಳ ನಡುವೆ ಬಸ್ಸು ಸಂಚಾರವೂ ನಿಂತಿತು. ಮೆಟ್ಟೂರಿನಿಂದ ಕೊಳತ್ತೂರು, ಪಾಲಾರು ಮಾರ್ಗವಾಗಿ ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿ ಇಂಥ ದಿನಗಳಲ್ಲಿ ಅನುಮಾನದ ದಾರಿಯಾಗುತ್ತದೆ. ವಾಹನದ ನೋಂದಣಿ ಫಲಕವೇ ಒಳಗಿರುವವರ ಗುರುತಾಗುತ್ತದೆ. ಅಣೆಕಟ್ಟಿಗೆ ಯಾವ ಅಪಾಯವೂ ಇಲ್ಲದಿದ್ದರೂ ಅದರ ಹೆಸರಿನಲ್ಲಿ ಜನ ಪರಸ್ಪರ ಅಂಜುವ ಸ್ಥಿತಿ ಇದು.

ಮುಳುಗಿದ ಊರುಗಳ ಸ್ಮಾರಕಗಳ ಸ್ಥಿತಿ ಬೇರೆ. ಮೆಟ್ಟೂರು ಜಲಾಶಯದ ಮಟ್ಟ ಬಹಳ ಕೆಳಗಿಳಿದಾಗ ಪಣ್ಣವಾಡಿಯ ಬಳಿ ಹಳೆಯ ಜಲಕಂಠೇಶ್ವರ ಗುಡಿಯ ನಂದಿಯೂ ಇಗರ್ಜಿಯ ಗೋಪುರಗಳೂ ಹೊರಗೆ ಕಾಣುತ್ತವೆ. ಸುತ್ತಲಿನ ಜನ ಹೋಗಿ ನೋಡುತ್ತಾರೆ. ಅವರ ಪಾಲಿಗೆ ಇದು ವಿವಾದದ ವಸ್ತುವಲ್ಲ. ಬಿಟ್ಟುಬಂದ ಊರಿನ ಗುರುತು. ಕೃಷ್ಣರಾಜಸಾಗರದಲ್ಲಿ ಮುಳುಗಿದ ಹಳೆಯ ಕನ್ನಂಬಾಡಿಯ ಕಥೆಯೂ ಇದನ್ನೇ ಹೋಲುತ್ತದೆ. ಎರಡು ಅಣೆಕಟ್ಟುಗಳೂ ಎರಡು ಭಾಷೆಯ ಜನರಿಂದ ಒಂದೇ ಬಗೆಯ ತ್ಯಾಗವನ್ನು ಪಡೆದಿವೆ ಎಂಬುದು ಚೌಕಿಗಳ ಗದ್ದಲದಲ್ಲಿ ಮರೆತುಹೋಗುವ ಸಂಗತಿ.

೪. ಹದಿನೆಂಟು ವರ್ಷದ ಮುಸುಕು

ಮೆಟ್ಟೂರಿನ ನೀರಿನ ಲೆಕ್ಕ ಬೆಂಗಳೂರಿನ ಪ್ರತಿಮೆಯೊಂದರ ಭವಿಷ್ಯವನ್ನು ನಿರ್ಧರಿಸಿದ್ದು ಈ ಅಧ್ಯಯನದ ಮುಖ್ಯ ಉದಾಹರಣೆ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ನೀಡಿತು. ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರಿಗೆ ತಲುಪುವಂತೆ ಕರ್ನಾಟಕ ನೋಡಿಕೊಳ್ಳಬೇಕೆಂಬುದು ಅದರ ತಿರುಳು. ಡಿಸೆಂಬರ್ 11ರಂದು ಅದು ರಾಜಪತ್ರದಲ್ಲಿ ಪ್ರಕಟವಾದೊಡನೆ ಬೆಂಗಳೂರು, ಮೈಸೂರು ಮುಂತಾದೆಡೆ ತಮಿಳರ ಮೇಲೆ ಹಿಂಸಾಚಾರ ನಡೆದು ಹಲವರು ಪ್ರಾಣ ಕಳೆದುಕೊಂಡರು. ಅನೇಕರು ಮನೆಬಿಟ್ಟು ಓಡಬೇಕಾಯಿತು.

ಅದೇ ವರ್ಷ ಬೆಂಗಳೂರಿನ ಹಲಸೂರು ಕೆರೆಯ ಬಳಿ ಬೆಂಗಳೂರು ತಮಿಳ್ ಸಂಘದ ಆಸಕ್ತಿಯಿಂದ ತಿರುವಳ್ಳುವರ್ ಪ್ರತಿಮೆ ಅನಾವರಣಕ್ಕೆ ಸಿದ್ಧವಾಗಿತ್ತು. ಕೆಲವು ಕನ್ನಡ ಸಂಘಟನೆಗಳ ವಿರೋಧದಿಂದ ಅನಾವರಣ ನಿಂತಿತು. ಪ್ರತಿಮೆಯನ್ನು ತೆಗೆಯಲೂ ಇಲ್ಲ, ತೋರಿಸಲೂ ಇಲ್ಲ. ಅದು ಮುಸುಕು ಹೊದ್ದು 18 ವರ್ಷ ನಿಂತಿತು.

ಮುಸುಕು ಯಾರನ್ನು ಕಾಯಿತು? ಪ್ರತಿಮೆಗೆ ಧಕ್ಕೆಯಾಗದಿರಲಿ, ಊರಿನಲ್ಲಿ ಗಲಭೆಯಾಗದಿರಲಿ ಎಂಬುದು ಅದಕ್ಕೆ ಕೊಡಬಹುದಾದ ಸಮರ್ಥನೆ. 1991ರ ಡಿಸೆಂಬರನ್ನು ಕಂಡವರಿಗೆ ಆ ಅಂಜಿಕೆ ಆಧಾರವಿಲ್ಲದ್ದೆನಿಸದು. ಆದರೆ ಗಲಭೆಯ ವಾತಾವರಣ ತಣ್ಣಗಾದ ಮೇಲೆಯೂ ಮುಸುಕು ಉಳಿಯಿತು. ಅಪಾಯದಿಂದ ಹುಟ್ಟಿದ ವ್ಯವಸ್ಥೆ ಅಪಾಯ ಕಳೆದ ಮೇಲೂ ಮುಂದುವರಿದಾಗ ಅದು ಬೇರೆ ಅರ್ಥವನ್ನು ಪಡೆಯುತ್ತದೆ. ಆ ದಾರಿಯಲ್ಲಿ ದಿನವೂ ಹೋಗುವ ಹಲಸೂರಿನ ತಮಿಳನಿಗೆ, ನಿನ್ನ ಕವಿಗೆ ಇಲ್ಲಿ ಮುಖ ತೋರಿಸಲು ಅಪ್ಪಣೆಯಿಲ್ಲ ಎಂದು ಅದು ಹೇಳುತ್ತಿತ್ತು. ಕನ್ನಡಿಗನಿಗೆ, ಈ ಬಟ್ಟೆಯ ಹಿಂದೆ ನೀನು ಅಂಜಬೇಕಾದುದೇನೋ ಇದೆ ಎಂದು ಹೇಳುತ್ತಿತ್ತು. ಎರಡೂ ಸುಳ್ಳು. ಮುಸುಕಿನ ಹಿಂದೆ ಇದ್ದವನು 133 ಅಧ್ಯಾಯಗಳಲ್ಲಿ 1330 ಕುರಳ್‌ಗಳನ್ನು ರಚಿಸಿದ ನೀತಿಕವಿ.

ಆ ಕವಿಯ ಗ್ರಂಥದಲ್ಲಿಯೇ ಭಯ ಮತ್ತು ಭದ್ರತೆಯ ಚರ್ಚೆ ಇದೆ. ಅರಸನಾದವನು ಪ್ರಜೆಗಳನ್ನು ಹೆದರಿಸುವ ಕೆಲಸ ಮಾಡಬಾರದು ಎಂಬುದಕ್ಕೆ 57ನೆಯ ಅಧ್ಯಾಯ ಮೀಸಲು. ಕೋಟೆಯ ಲಕ್ಷಣವನ್ನು ಹೇಳುವ 75ನೆಯ ಅಧ್ಯಾಯ ಎಷ್ಟೇ ಹಿರಿದಾದ ಕೋಟೆಯೂ ಒಳಗಿನವರ ಯೋಗ್ಯತೆಯಿಲ್ಲದೆ ನಿಷ್ಫಲವೆಂಬ ನಿಲುವಿನಲ್ಲಿ ಮುಗಿಯುತ್ತದೆ. ಅಂಜಬೇಕಾದುದಕ್ಕೆ ಅಂಜುವುದು ವಿವೇಕವೆಂಬುದನ್ನೂ ತಿರುವಳ್ಳುವರ್ ಒಪ್ಪುತ್ತಾನೆ. ಅಂದರೆ ಅವನು ಭಯವನ್ನು ಅಲ್ಲಗಳೆಯುವುದಿಲ್ಲ. ಅದಕ್ಕೊಂದು ಅಳತೆಯನ್ನು ಕೇಳುತ್ತಾನೆ. ಅವನ ಪ್ರತಿಮೆಯ ವಿಷಯದಲ್ಲಿ ಇಲ್ಲದೆ ಹೋದದ್ದು ಆ ಅಳತೆಯೇ.

೫. ಕಾಡಿನಿಂದ ಬಂದ ಬೇಡಿಕೆ

ಮುಸುಕಿನ ಪ್ರತಿಮೆ ಯಾರ ಕೈಗೆ ಆಯುಧವಾಯಿತು ಎಂಬುದನ್ನು ತಿಳಿಯಲು ಮತ್ತೆ ಮೆಟ್ಟೂರಿನ ಕಡೆಗೆ ಬರಬೇಕು. ಜಲಾಶಯದ ಮೇಲ್ಭಾಗದಲ್ಲಿ, ಕರ್ನಾಟಕದ ಗಡಿಯೊಳಗಿರುವ ಗೋಪಿನಾಥಂ ತಮಿಳು ಮಾತಾಡುವ ಜನರೇ ಹೆಚ್ಚಾಗಿರುವ ಹಳ್ಳಿ. ವೀರಪ್ಪನ್ ಅಲ್ಲಿಯವನು. ಹಿನ್ನೀರಿನ ಸುತ್ತಲಿನ ಕಾಡುಗಳು ಅವನ ಆಡುಂಬೊಲವಾಗಿದ್ದವು. ಗೋಪಿನಾಥಂನಲ್ಲಿ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು 1991ರ ನವೆಂಬರ್ 10ರಂದು ಕೊಂದ. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನಡೆದ ನೆಲಬಾಂಬು ಸ್ಫೋಟದಲ್ಲಿ 22 ಮಂದಿ ಸತ್ತರು.

2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನಿಂದ ವರನಟ ರಾಜಕುಮಾರ್ ಅವರನ್ನು ಅವನು ಅಪಹರಿಸಿದ. ಅವನು ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿ ನೀರು, 1991ರ ಗಲಭೆಯ ಸಂತ್ರಸ್ತರಿಗೆ ಪರಿಹಾರ ಇವುಗಳ ಜೊತೆಗೆ ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆಯ ಅನಾವರಣವೂ ಸೇರಿತ್ತು. ರಾಜಕುಮಾರ್ ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನಗಳ ಮೇಲೆ. ಅಷ್ಟು ದಿನವೂ ಬೆಂಗಳೂರಿನ ತಮಿಳರು ಒಂದು ಅಂಜಿಕೆಯಲ್ಲಿ, ತಮಿಳುನಾಡಿನ ಕನ್ನಡಿಗರು ಇನ್ನೊಂದು ಅಂಜಿಕೆಯಲ್ಲಿ ಕಳೆದರು.

ಇಲ್ಲಿ ತರ್ಕದ ಹೆಜ್ಜೆಗಳನ್ನು ಬಿಡಿಸಿ ನೋಡಬೇಕು. ಶಾಂತಿಗಾಗಿ ಪ್ರತಿಮೆಗೆ ಮುಸುಕು ಹಾಕಲಾಯಿತು. ಮುಸುಕು ಒಂದು ಸಮುದಾಯದ ಅವಮಾನವಾಗಿ ಉಳಿಯಿತು. ನಾಗರಿಕ ಸಮಾಜ ಪರಿಹರಿಸದೆ ಬಿಟ್ಟ ಅವಮಾನವನ್ನು ಹಲವರ ಕೊಲೆಗಾರನೊಬ್ಬ ಎತ್ತಿಕೊಂಡು ತಾನೇ ಭಾಷೆಯ ರಕ್ಷಕನೆಂಬ ವೇಷ ಧರಿಸಿದ. ಆ ಬಳಿಕ ಅನಾವರಣದ ಮಾತೆತ್ತುವವನು ಬೆದರಿಕೆಗೆ ಮಣಿದವನಾಗಿ ಕಾಣತೊಡಗಿದ. ಹೀಗೆ ಭಯದಿಂದ ಮುಂದೂಡಿದ ನಿರ್ಧಾರ ಭಯವನ್ನೇ ಬೆಳೆಸಿತು. ಎರಡು ಕಡೆಯ ಉಗ್ರರಿಗೂ ಆ ಮುಸುಕು ಬೇಕಾಗಿತ್ತು ಎಂಬುದೇ ಅದರ ರಾಜಕೀಯ.

ಕಾವಲೇ ಭಯವಾದ ಬಗೆಯನ್ನೂ ಇದೇ ಸೀಮೆ ಕಂಡಿದೆ. ವೀರಪ್ಪನ್ ಬೇಟೆಗೆ ನಿಯೋಜಿತವಾದ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳ ಮೇಲೆ ಗಡಿಯ ಹಳ್ಳಿಗರು ಚಿತ್ರಹಿಂಸೆಯ ದೂರು ಕೊಟ್ಟರು. ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಸೂಚಿಸಿತು. ಕನ್ನಡವಾಗಲಿ ತಮಿಳಾಗಲಿ, ಆ ಹಳ್ಳಿಗರಿಗೆ ಕಾಡೂ ಭಯ, ಕಾವಲೂ ಭಯ.

2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ವೀರಪ್ಪನ್ ಹತನಾದ. ಅವನನ್ನು ಹೂಳಿದ್ದು ಮೆಟ್ಟೂರಿನ ಸಮೀಪದ ಮೂಲಕಾಡಿನಲ್ಲಿ. ಇತ್ತ ಗೋಪಿನಾಥಂನ ಜನ ಶ್ರೀನಿವಾಸ್ ಅವರ ನೆನಪನ್ನು ತಮ್ಮ ಮಾರಿಯಮ್ಮನ ಗುಡಿಯಲ್ಲಿ ಉಳಿಸಿಕೊಂಡಿದ್ದಾರೆ. ಕನ್ನಡ ನಾಡಿನ ಅಧಿಕಾರಿಯ ಭಾವಚಿತ್ರವನ್ನು ತಮಿಳು ಮಾತಾಡುವ ಹಳ್ಳಿಗರು ಗುಡಿಯಲ್ಲಿಟ್ಟುಕೊಂಡಿರುವುದು ಆಜ್ಞೆಯಿಂದ ಆದದ್ದಲ್ಲ. ವೀರಗಲ್ಲಿನ ಪರಂಪರೆಯೇ ಇಲ್ಲಿ ಹೊಸ ರೂಪದಲ್ಲಿ ಮುಂದುವರಿದಿದೆ ಎನ್ನಬಹುದು.

೬. ಎರಡು ಅನಾವರಣ

2009ರ ಆಗಸ್ಟ್ 9ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅವರು ಕರ್ನಾಟಕದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಉಪಸ್ಥಿತಿಯಲ್ಲಿ ಬೆಂಗಳೂರಿನ ಪ್ರತಿಮೆಯನ್ನು ಅನಾವರಣ ಮಾಡಿದರು. ನಾಲ್ಕು ದಿನಗಳ ಅನಂತರ, ಆಗಸ್ಟ್ 13ರಂದು, ಚೆನ್ನೈನ ಅಯನಾವರಂನಲ್ಲಿ ಯಡಿಯೂರಪ್ಪನವರು ಸರ್ವಜ್ಞನ ಪ್ರತಿಮೆಯನ್ನು ಅನಾವರಣ ಮಾಡಿದರು. ಬೆಂಗಳೂರಿನ ಸಮಾರಂಭ ಬಿಗಿ ಬಂದೋಬಸ್ತಿನಲ್ಲಿ ನಡೆಯಿತು. ಪ್ರತಿಭಟನೆಗಳೂ ಇದ್ದವು. ಉಭಯ ಸರ್ಕಾರಗಳ ರಾಜಕೀಯ ಲೆಕ್ಕಾಚಾರದ ಬಗ್ಗೆ ಟೀಕೆಗಳೂ ಬಂದವು. ಆದರೂ 1991ರಲ್ಲಿ ಅಸಾಧ್ಯವೆನಿಸಿದ್ದು ಸಾಧ್ಯವಾಯಿತು.

ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸಬೇಕು. ಪೊಲೀಸರು 1991ರಲ್ಲಿಯೂ ಇದ್ದರು, 2009ರಲ್ಲಿಯೂ ಇದ್ದರು. ಹೊಸದಾಗಿ ಸೇರಿದ್ದು ಪರಸ್ಪರತೆ. ಒಬ್ಬರ ಕವಿ ಇನ್ನೊಬ್ಬರ ಊರಿನ ಅತಿಥಿಯಾದಾಗ ಇಬ್ಬರಿಗೂ ಕಾಯುವ ಹೊಣೆ ಬಂದಿತು. ಆಯ್ಕೆಯೂ ಉಚಿತವಾಗಿತ್ತು. ಒಬ್ಬನದು ಎರಡು ಸಾಲಿನ ಕುರಳ್, ಇನ್ನೊಬ್ಬನದು ಮೂರು ಸಾಲಿನ ತ್ರಿಪದಿ. ಇಬ್ಬರೂ ಅರಸೊತ್ತಿಗೆಯ ಆಸರೆಯಿಲ್ಲದೆ ಜನರ ನಾಲಗೆಯ ಮೇಲೆ ಉಳಿದವರು. ಸರ್ವಜ್ಞನ ವಚನಗಳನ್ನು ಊರೂರಿನಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಪಾದ್ರಿ ಉತ್ತಂಗಿ ಚನ್ನಪ್ಪನವರು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ಪರಂಪರೆಯನ್ನು ಕಾಯುವವರು ಹೊರಗಿನವರೆಂದು ಎಣಿಸಲಾದವರೂ ಆಗಿರಬಹುದು.

೭. ಬೇರೆ ಗಡಿಗಳು

ಉತ್ತರದ ಗಡಿಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ದೊರೆಯುತ್ತದೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಳಿದ ಸುದ್ದಿ ಹರಡಿತು. ಅದರ ಬೆನ್ನಿಗೆ ಬೆಳಗಾವಿಯ ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ಭಗ್ನವಾಯಿತು. ಇಲ್ಲಿ ಪ್ರತಿಮೆಗಳು ಅತಿಥಿಗಳಾಗಲಿಲ್ಲ, ಒತ್ತೆಯಾಳುಗಳಾದವು. ಆದರೆ ಮರಾಠಿ ಭಾಷಿಕರು ಗಣನೀಯವಾಗಿರುವ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನ ಸಮಾಧಿ ಇದೆ. ಅಲ್ಲಿನ ಆಲದ ಮರಕ್ಕೆ ಮಕ್ಕಳಿಗಾಗಿ ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಒಬ್ಬನೇ ವೀರ, ಒಂದೆಡೆ ಬಂದೋಬಸ್ತು, ಇನ್ನೊಂದೆಡೆ ಹರಕೆ.

ಹೊರಲೋಕದಲ್ಲಿಯೂ ಈ ಪ್ರಶ್ನೆ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ಅನಂತರ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ಮುಚ್ಚಲಾಯಿತು. ಪೀಠಭಾಗ 2004ರಲ್ಲಿ ತೆರೆಯಿತು. ಕಿರೀಟದವರೆಗೆ ಹೋಗಲು ಅನುಮತಿ ದೊರೆತದ್ದು 2009ರ ಜುಲೈ 4ರಂದು. ಅಲ್ಲಿ ಅಪಾಯ ನಿಜವಾಗಿತ್ತು. ಆದರೂ ಸ್ವಾತಂತ್ರ್ಯದ ಸಂಕೇತವೇ ಜನರಿಗೆ ಮುಚ್ಚಿರುವುದು ಸರಿಯೇ ಎಂಬ ಚರ್ಚೆ ನಡೆಯಿತು. ಹಂತಹಂತವಾಗಿ ಬಾಗಿಲು ತೆರೆಯಿತು. ಭದ್ರತೆಯನ್ನು ಸಡಿಲಿಸುವುದೂ ಒಂದು ಸಾರ್ವಜನಿಕ ನಿರ್ಧಾರವೆಂಬುದಕ್ಕೆ ಇದು ಸಾಕ್ಷಿ.

೮. ಓದಿನ ಕ್ರಮ

ಈ ಉದಾಹರಣೆಗಳಿಂದ ಕಾವಲಿರುವ ಯಾವುದೇ ಸ್ಮಾರಕವನ್ನು ಓದಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಮೊದಲನೆಯದು: ಇಲ್ಲಿರುವುದು ಸುರಕ್ಷತೆಯೋ ಭದ್ರತೆಯೋ? ಎರಡನೆಯದು: ಈ ಕಾವಲು ಯಾರನ್ನು ಹೊರಗಿನವರೆಂದು ಗುರುತಿಸುತ್ತದೆ? ಮೂರನೆಯದು: ಇದು ಎಂದು ಮುಗಿಯುತ್ತದೆ, ಮುಗಿಸುವ ಹೊಣೆ ಯಾರದು? ಆಡಿಪೆರುಕ್ಕಿನ ದಿನದ ತಡೆ ಮೂರಕ್ಕೂ ಉತ್ತರ ಕೊಡುತ್ತದೆ. ಅದು ಜೀವರಕ್ಷಣೆಗಾಗಿ, ಎಲ್ಲರಿಗೂ ಅನ್ವಯ, ನೀರು ತಗ್ಗಿದಾಗ ಮುಗಿಯುತ್ತದೆ. ಹಲಸೂರಿನ ಮುಸುಕು ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ 18 ವರ್ಷ ಉತ್ತರ ಕೊಡಲಿಲ್ಲ.

ಗಡಿಯ ಜನರಿಗೆ ಇದು ಕೇವಲ ಚಿಂತನೆಯ ವಿಷಯವಲ್ಲ. ಬೆಂಗಳೂರಿನ ತಮಿಳನ ನೆಮ್ಮದಿಗೂ ಮೆಟ್ಟೂರು, ಧರ್ಮಪುರಿ, ಸೇಲಂ ಕಡೆಯ ಕನ್ನಡಿಗನ ನೆಮ್ಮದಿಗೂ ಕೊಂಡಿಯಿದೆ. ಒಂದು ಕಡೆ ಪ್ರತಿಮೆಗೆ ಕಲ್ಲು ಬಿದ್ದರೆ ಇನ್ನೊಂದು ಕಡೆ ಅಂಗಡಿಯ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಎದುರು ಭಾಷೆಯ ಕವಿಯನ್ನು ಓದುವುದು ಸೌಜನ್ಯದ ಕೆಲಸ ಮಾತ್ರವಲ್ಲ, ಕಾವಲಿನ ಕೆಲಸವೂ ಹೌದು. ತಿರುಕ್ಕುರಳ್ ಕನ್ನಡಕ್ಕೆ ಅನುವಾದವಾಗಿದೆ. ಅದನ್ನು ಓದಿದವನಿಗೆ ಹಲಸೂರು ಕೆರೆಯ ಬಳಿ ನಿಂತವನು ಅಪರಿಚಿತನಾಗಿರುವುದಿಲ್ಲ.

ಅಭ್ಯಾಸಕ್ಕೆ

1. ಪಠ್ಯದಲ್ಲಿರುವ ಯಾವುದಾದರೂ ಎರಡು ಶಾಸನಗಳ ಶಾಪಾಶಯ ಭಾಗವನ್ನು ಹೋಲಿಸಿ, ಅವು ಯಾರನ್ನು ಉದ್ದೇಶಿಸಿವೆ ಎಂಬುದನ್ನು ವಿವರಿಸಿ.

2. ‘ಕಾವಲು’, ‘ಭದ್ರತೆ’, ‘ಬಂದೋಬಸ್ತು’, ‘ಸುರಕ್ಷತೆ’ ಈ ಪದಗಳು ಒಂದು ವಾರದ ದಿನಪತ್ರಿಕೆಗಳಲ್ಲಿ ಯಾವ ಸಂದರ್ಭಗಳಲ್ಲಿ ಬಳಕೆಯಾಗಿವೆ? ಪಟ್ಟಿಮಾಡಿ ಅರ್ಥವ್ಯತ್ಯಾಸವನ್ನು ಗುರುತಿಸಿ.

3. ನಿಮ್ಮ ಊರಿನ ಒಂದು ಸ್ಮಾರಕ ಅಥವಾ ಪ್ರತಿಮೆಯನ್ನು ಆರಿಸಿಕೊಂಡು ಮೇಲಿನ ಮೂರು ಪ್ರಶ್ನೆಗಳ ಮೂಲಕ ಎರಡು ಪುಟಗಳ ಟಿಪ್ಪಣಿ ಬರೆಯಿರಿ.

4. ತಿರುವಳ್ಳುವರ್ ಮತ್ತು ಸರ್ವಜ್ಞರ ಪ್ರತಿಮೆಗಳ ವಿನಿಮಯ ಸಾಂಸ್ಕೃತಿಕ ಘಟನೆಯೋ ರಾಜಕೀಯ ಘಟನೆಯೋ? ಎರಡೂ ವಾದಗಳನ್ನು ಮಂಡಿಸಿ ಚರ್ಚಿಸಿ.